ಒಂದೇ ಸೂರು, ಎರಡು ಒಲೆ

ಅವಿಭಕ್ತ ಕುಟುಂಬಗಳಲ್ಲಿ ಕೆಲವೊಮ್ಮೆ ಒಲೆ ಬೇರೆಯಾಗುವುದುಂಟು. ಸೂರು ಒಂದೇ, ಅಂಗಳ ಒಂದೇ, ನೀರು ಸೇದುವ ಬಾವಿಯೂ ಒಂದೇ. ಆದರೆ ಅಡಿಗೆ ಬೇರೆ, ಉಗ್ರಾಣ ಬೇರೆ. ಯಾರ ಎಲ್ಲೆ ಎಲ್ಲಿಗೆ ಮುಗಿಯುತ್ತದೆಂಬುದು ಎರಡು ಸಂಸಾರಗಳಿಗೂ ಸ್ಪಷ್ಟವಾಗಿ ತಿಳಿದಿದ್ದರೆ ಅಂತಹ ಮನೆಯಲ್ಲಿ ಜಗಳಕ್ಕೆ ಆಸ್ಪದವಿರುವುದಿಲ್ಲ. ಗಣಕಯಂತ್ರದಲ್ಲಿಯೂ ಇಂತಹ ಏರ್ಪಾಡು ಸಾಧ್ಯ. ವಿಂಡೋಸ್ ನೆಲೆಸಿರುವ ಯಂತ್ರಕ್ಕೆ ಇನ್ನೊಂದು ಹಾರ್ಡ್ ಡಿಸ್ಕನ್ನು ಜೋಡಿಸಿ, ಅದರಲ್ಲಿ ಲಿನಕ್ಸ್ ಎಂಬ ಮತ್ತೊಂದು ಕಾರ್ಯಾಚರಣ ವ್ಯವಸ್ಥೆಯನ್ನು ನೆಲೆಗೊಳಿಸಬಹುದು. ಕೆಲಸವು ಒಂದೆರಡು ಗಂಟೆಗಳದು. ಆದರೆ ಎಲ್ಲೆಯನ್ನು ಅರಿಯದೆ ಕೈಹಾಕಿದವನು ಆ ಒಂದೆರಡು ಗಂಟೆಗಳಲ್ಲಿಯೇ ಹತ್ತು ವರ್ಷಗಳ ಕಡತಗಳನ್ನು ಕಳೆದುಕೊಳ್ಳಬಲ್ಲನು.

ಕಾರ್ಯಾಚರಣ ವ್ಯವಸ್ಥೆಯೆಂದರೇನು? ಗಣಕದೊಳಗೆ ಲೆಕ್ಕ ಮಾಡುವ ಸಂಸ್ಕಾರಕವಿದೆ, ತಾತ್ಕಾಲಿಕ ಸ್ಮೃತಿಯಿದೆ, ಕಡತಗಳನ್ನು ಕಾಪಿಡುವ ಡಿಸ್ಕು ಇದೆ. ಹೊರಗೆ ಪರದೆಯೂ ಕೀಲಿಮಣೆಯೂ ಇವೆ. ಇವುಗಳಲ್ಲಿ ಯಾವುದೂ ತಾನಾಗಿ ಇನ್ನೊಂದರೊಡನೆ ಕೂಡಿ ಕೆಲಸ ಮಾಡಲಾರದು. ಯಾವ ಕಡತವು ಡಿಸ್ಕಿನ ಯಾವ ಮೂಲೆಯಲ್ಲಿದೆ, ಒತ್ತಿದ ಕೀಲಿಯ ಅಕ್ಷರವು ಪರದೆಯ ಮೇಲೆ ಎಲ್ಲಿ ಮೂಡಬೇಕು, ಏಕಕಾಲದಲ್ಲಿ ನಡೆಯುತ್ತಿರುವ ಹತ್ತು ಕೆಲಸಗಳಲ್ಲಿ ಸಂಸ್ಕಾರಕದ ಸರದಿ ಯಾರದು ಎಂಬುದನ್ನೆಲ್ಲ ನಿರ್ಧರಿಸುವ ಮೇಲ್ವಿಚಾರಕನೇ ಕಾರ್ಯಾಚರಣ ವ್ಯವಸ್ಥೆ. ಹೀಗೆ ಯಂತ್ರವನ್ನು ಪೂರ್ಣವಾಗಿ ವಶಕ್ಕೆ ತೆಗೆದುಕೊಂಡು ಆಳುವುದರಿಂದ ಒಂದು ಹೊತ್ತಿನಲ್ಲಿ ಒಂದೇ ವ್ಯವಸ್ಥೆಯ ಆಡಳಿತ ನಡೆಯುತ್ತದೆ. ಎರಡು ವ್ಯವಸ್ಥೆಗಳಿರುವ ಯಂತ್ರದಲ್ಲಿ ಇಂದಿನ ಆಡಳಿತ ಯಾರದೆಂಬುದನ್ನು ಯಂತ್ರವನ್ನು ಚಾಲೂ ಮಾಡುವಾಗಲೇ ಆರಿಸಬೇಕು.

ಇರುವ ಒಂದನ್ನು ಬಿಟ್ಟು ಎರಡನೆಯದೇಕೆ ಎಂದು ಕೇಳಬಹುದು. ಜಗತ್ತಿನಾದ್ಯಂತ ಕೋಟಿಗಟ್ಟಲೆ ಯಂತ್ರಗಳಲ್ಲಿ ನೆಲೆಸಿದ್ದ ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲದ ಅವಧಿಯು ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ ೧೧ ಹೊರಬಂದುದು ೨೦೨೧ರಲ್ಲಿ. ಆದರೆ ಟಿಪಿಎಂ ೨.೦ ಎಂಬ ಸುರಕ್ಷತಾ ಸಾಧನವನ್ನೂ ಇತ್ತೀಚಿನ ವರ್ಷಗಳ ಸಂಸ್ಕಾರಕವನ್ನೂ ಅದು ಬಯಸುತ್ತದೆ. ಇವಿಲ್ಲದ ಹಳೆಯ ಯಂತ್ರಗಳು ಕೆಟ್ಟಿಲ್ಲ; ಅವುಗಳ ಕೀಲಿಮಣೆ ಸವೆದಿಲ್ಲ, ಪರದೆ ಮಂಕಾಗಿಲ್ಲ; ಆದರೂ ಹೊಸ ವ್ಯವಸ್ಥೆಯ ಬಾಗಿಲು ಅವುಗಳಿಗೆ ತೆರೆಯುವುದಿಲ್ಲ. ಇಂತಹ ಯಂತ್ರವೊಂದಕ್ಕೆ ಲಿನಕ್ಸ್ ಇನ್ನೂ ಅನೇಕ ವರ್ಷಗಳ ಆಯುಸ್ಸನ್ನು ಕೊಡಬಲ್ಲದು. ಹಾಗೆಂದು ವಿಂಡೋಸನ್ನು ಒಮ್ಮೆಲೇ ಕಿತ್ತೆಸೆಯುವುದು ಜಾಣತನವಲ್ಲ. ಮನೆಯವರು ಬಳಸುವ ಲೆಕ್ಕದ ತಂತ್ರಾಂಶವೋ, ಹಳೆಯ ಮುದ್ರಣಯಂತ್ರದ ಚಾಲಕವೋ ವಿಂಡೋಸಿನಲ್ಲಿ ಮಾತ್ರ ನಡೆಯುತ್ತಿರಬಹುದು. ಆದುದರಿಂದ ಎರಡನ್ನೂ ಇರಿಸಿಕೊಳ್ಳುವುದೇ ಲೇಸು.

ಲಿನಕ್ಸ್ ಹುಟ್ಟಿದ ಕಥೆಯು ಈ ವಿಷಯಕ್ಕೆ ಬಹಳ ಹತ್ತಿರದ್ದು. ಅದು ಜನಿಸಿದುದೇ ಎರಡು ವ್ಯವಸ್ಥೆಗಳಿದ್ದ ಒಂದು ಯಂತ್ರದಲ್ಲಿ. ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ತರುಣನು ೧೯೯೧ರ ಜನವರಿಯಲ್ಲಿ ಹೊಸ ಗಣಕಯಂತ್ರವೊಂದನ್ನು ಕೊಂಡನು. ಅದರ ತಾತ್ಕಾಲಿಕ ಸ್ಮೃತಿಯು ಕೇವಲ ೪ ಮೆಗಾಬೈಟುಗಳಷ್ಟಿತ್ತು. ಇಂದು ಒಂದು ಕೈಫೋನಿನ ಛಾಯಾಚಿತ್ರಕ್ಕೂ ಅದು ಸಾಲದಾಗಬಹುದು. ಆ ಯಂತ್ರದಲ್ಲಿ ಎಂಎಸ್-ಡಾಸ್ ಎಂಬ ವ್ಯವಸ್ಥೆಯಿತ್ತು. ಅದರ ಪಕ್ಕದಲ್ಲಿ ಅವನು ಮಿನಿಕ್ಸ್ ಎಂಬ ಇನ್ನೊಂದನ್ನು ನೆಲೆಗೊಳಿಸಿದನು. ಮಿನಿಕ್ಸ್ ಎಂಬುದು ಆಂಡ್ರ್ಯೂ ಟನೆನ್‌ಬಾಮ್ ಎಂಬ ಪ್ರಾಧ್ಯಾಪಕರು ವಿದ್ಯಾರ್ಥಿಗಳಿಗೆ ಪಾಠ ಹೇಳುವ ಸಲುವಾಗಿ ೧೯೮೭ರಲ್ಲಿ ರಚಿಸಿದ ವ್ಯವಸ್ಥೆ. ವಿಶ್ವವಿದ್ಯಾನಿಲಯದ ದೊಡ್ಡ ಗಣಕದೊಡನೆ ದೂರವಾಣಿಯ ಮೂಲಕ ಸಂಪರ್ಕ ಬೆಳೆಸುವ ಸಲುವಾಗಿ ಟೊರ್ವಾಲ್ಡ್ಸ್ ಒಂದು ಸಣ್ಣ ಕ್ರಮವಿಧಿಯನ್ನು ಬರೆಯತೊಡಗಿದನು. ಅದಕ್ಕೆ ಇದು ಬೇಕು, ಇದಕ್ಕೆ ಅದು ಬೇಕು ಎಂದು ಬೆಳೆಸುತ್ತ ಹೋದಂತೆ ಅದೇ ಒಂದು ಕಾರ್ಯಾಚರಣ ವ್ಯವಸ್ಥೆಯ ರೂಪವನ್ನು ತಳೆಯಿತು. ಹವ್ಯಾಸಕ್ಕಾಗಿ ತಾನೊಂದು ವ್ಯವಸ್ಥೆಯನ್ನು ಕಟ್ಟುತ್ತಿರುವುದಾಗಿ ೧೯೯೧ರ ಆಗಸ್ಟ್ ೨೫ರಂದು ಅವನು ಮಿನಿಕ್ಸ್ ಬಳಸುವವರಿಗೆ ತಿಳಿಸಿದನು. ಆಗ ಅವನ ವಯಸ್ಸು ೨೧ ವರ್ಷ.

ಆ ದಿನಗಳಲ್ಲಿಯೇ ಒಂದು ಅನಾಹುತ ನಡೆಯಿತು. ಮಿನಿಕ್ಸ್ ಮತ್ತು ಲಿನಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಯಂತ್ರಕ್ಕೆ ಜೋಡಿಸಿದ ಪ್ರತಿಯೊಂದು ಸಾಧನಕ್ಕೂ ಒಂದು ಕಡತದಂತೆಯೇ ಹೆಸರಿರುತ್ತದೆ; ಡಿಸ್ಕಿಗೆ ಒಂದು, ದೂರವಾಣಿಗೆ ಜೋಡಿಸುವ ಮೋಡೆಮ್‌ಗೆ ಇನ್ನೊಂದು. ಟೊರ್ವಾಲ್ಡ್ಸ್ ಒಮ್ಮೆ ದೂರವಾಣಿಯ ಕರೆಯನ್ನು ಮಾಡಹೊರಟು ಮೋಡೆಮಿನ ಹೆಸರಿಗೆ ಬದಲಾಗಿ ಡಿಸ್ಕಿನ ಹೆಸರನ್ನು ಕೊಟ್ಟುಬಿಟ್ಟನು. ಯಂತ್ರವು ಹೇಳಿದ್ದನ್ನು ಹೇಳಿದಂತೆ ಮಾಡಿತು. ಕರೆ ಮಾಡಲು ಬೇಕಾದ ಸಂಜ್ಞೆಗಳು ಮಿನಿಕ್ಸ್ ನೆಲೆಸಿದ್ದ ಹಿಸ್ಸೆಯ ಅತಿ ಮುಖ್ಯ ಭಾಗದ ಮೇಲೆ ಬರೆದುಹೋದುವು, ಮಿನಿಕ್ಸ್ ಅಳಿಯಿತು. ಅದನ್ನು ಮತ್ತೆ ಹಾಕಿಕೊಳ್ಳುವ ಬದಲು ಇನ್ನು ಮುಂದೆ ತನ್ನ ಲಿನಕ್ಸ್ ಒಂದೇ ಸಾಕು ಎಂದು ಅವನು ನಿಶ್ಚಯಿಸಿದನು. ಹಾನಿಯಿಂದ ಜಗತ್ತಿಗೆ ಲಾಭವಾದ ಅಪರೂಪದ ಪ್ರಸಂಗವಿದು. ಸಾಮಾನ್ಯರ ಮನೆಯಲ್ಲಿ ತಪ್ಪು ಡಿಸ್ಕಿನ ಹೆಸರು ಕೊಟ್ಟವರಿಗೆ ಇಂತಹ ಅದೃಷ್ಟವಿರುವುದಿಲ್ಲ.

ಟೊರ್ವಾಲ್ಡ್ಸ್ ಕಟ್ಟಿದುದು ವ್ಯವಸ್ಥೆಯ ತಿರುಳನ್ನು ಮಾತ್ರ. ಅದರ ಸುತ್ತ ಬೇಕಾದ ಇತರ ತಂತ್ರಾಂಶಗಳಲ್ಲಿ ಬಹುಪಾಲನ್ನು ಅಮೆರಿಕದ ರಿಚರ್ಡ್ ಸ್ಟಾಲ್ಮನ್ ೧೯೮೩ರಲ್ಲಿ ಘೋಷಿಸಿದ ಗ್ನೂ ಯೋಜನೆಯು ಅದಾಗಲೇ ಸಿದ್ಧಪಡಿಸಿತ್ತು. ಆ ಯೋಜನೆಯ ಪರವಾನಗಿಯನ್ನೇ ಲಿನಕ್ಸ್ ೧೯೯೨ರಲ್ಲಿ ಸ್ವೀಕರಿಸಿತು. ಅದರ ಪ್ರಕಾರ ಯಾರು ಬೇಕಾದರೂ ಲಿನಕ್ಸನ್ನು ಬಳಸಬಹುದು, ಒಳಗಿನ ರಚನೆಯನ್ನು ಓದಬಹುದು, ತಿದ್ದಬಹುದು, ಪ್ರತಿಮಾಡಿ ಇತರರಿಗೆ ಹಂಚಬಹುದು. ತಿದ್ದಿ ಹಂಚಿದವನು ಅದೇ ಸ್ವಾತಂತ್ರ್ಯವನ್ನು ಪಡೆದವರಿಗೂ ಕೊಡಬೇಕು. ಹೀಗೆ ಹಂಚುವವರು ಕಟ್ಟಿದ ಬೇರೆ ಬೇರೆ ರೂಪಗಳಿಗೆ ವಿತರಣೆಗಳೆಂದು ಹೆಸರು. ೧೯೯೩ರಲ್ಲಿ ಆರಂಭವಾದ ಡೆಬಿಯನ್, ೨೦೦೪ರಲ್ಲಿ ಮೊದಲು ಹೊರಬಂದ ಉಬುಂಟು, ಫೆಡೋರಾ, ಮಿಂಟ್ ಮೊದಲಾದುವು ಹೆಸರಾಗಿವೆ. ಹೊಸಬರಿಗೆ ಉಬುಂಟು ಅಥವಾ ಮಿಂಟ್ ಸುಲಭ. ೨೦೧೭ರ ನವೆಂಬರಿನಿಂದ ಈಚೆಗೆ ಜಗತ್ತಿನ ಅತಿ ವೇಗದ ೫೦೦ ಗಣಕಗಳ ಪಟ್ಟಿಯಲ್ಲಿರುವ ಎಲ್ಲವೂ ಲಿನಕ್ಸ್ ಬಳಸುವಂಥವೇ. ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ ಆದುದರಿಂದ, ಅದನ್ನು ಎಂದೂ ಬಳಸಿಲ್ಲವೆನ್ನುವವರ ಜೇಬಿನಲ್ಲಿಯೂ ಅದು ಇರುವುದುಂಟು.

ಇನ್ನು ಎರಡು ವ್ಯವಸ್ಥೆಗಳು ಕೂಡಿ ಬಾಳುವ ಬಗೆಯನ್ನು ನೋಡಬೇಕು. ಇದಕ್ಕೆ ಯಂತ್ರವು ಎಚ್ಚರಗೊಳ್ಳುವ ಕ್ರಮ ತಿಳಿದಿರುವುದು ಅವಶ್ಯಕ. ಗುಂಡಿಯನ್ನು ಒತ್ತಿದಾಗ ಮೊದಲು ಏಳುವುದು ವಿಂಡೋಸೂ ಅಲ್ಲ, ಲಿನಕ್ಸೂ ಅಲ್ಲ. ಮದರ್‌ಬೋರ್ಡಿನ ಚಿಪ್ಪೊಂದರಲ್ಲಿ ತಯಾರಕರೇ ಬರೆದಿಟ್ಟ ಪುಟ್ಟ ತಂತ್ರಾಂಶ. ಹಳೆಯ ಯಂತ್ರಗಳಲ್ಲಿ ಇದಕ್ಕೆ ಬಯಾಸ್ ಎಂದೂ ಹೊಸವುಗಳಲ್ಲಿ ಯುಇಎಫ್‌ಐ ಎಂದೂ ಹೆಸರು. ಅದು ಯಂತ್ರದ ಭಾಗಗಳನ್ನೆಲ್ಲ ಪರೀಕ್ಷಿಸಿ, ಬಳಿಕ ಕಾರ್ಯಾಚರಣ ವ್ಯವಸ್ಥೆಯನ್ನು ಎಬ್ಬಿಸಬಲ್ಲ ಕ್ರಮವಿಧಿಯನ್ನು ಹುಡುಕುತ್ತದೆ.

ಬಯಾಸ್ ಕಾಲದಲ್ಲಿ ಆ ಕ್ರಮವಿಧಿಗಿದ್ದ ಸ್ಥಳವು ಒಂದೇ: ಡಿಸ್ಕಿನ ಮೊಟ್ಟಮೊದಲ ಖಂಡ. ಅದರ ಗಾತ್ರ ೫೧೨ ಬೈಟುಗಳು. ಅದರಲ್ಲಿ ೪೪೬ ಬೈಟುಗಳು ಎಬ್ಬಿಸುವ ಕ್ರಮವಿಧಿಗೆ. ೬೪ ಬೈಟುಗಳು ಡಿಸ್ಕಿನ ಹಿಸ್ಸೆಗಳ ಪಟ್ಟಿಗೆ. ಉಳಿದ ೨ ಬೈಟುಗಳು ಗುರುತಿಗೆ. ಜಮೀನಿನ ಹಿಸ್ಸೆಗಳನ್ನು ಪಹಣಿಯಲ್ಲಿ ಬರೆದಂತೆ ಡಿಸ್ಕಿನ ಯಾವ ಭಾಗವು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಆ ೬೪ ಬೈಟುಗಳಲ್ಲಿ ಬರೆದಿರುತ್ತಿದ್ದರು. ಒಂದು ಹಿಸ್ಸೆಯ ವಿವರಕ್ಕೆ ೧೬ ಬೈಟುಗಳು ಬೇಕಾದುದರಿಂದ ಅಲ್ಲಿ ನಾಲ್ಕು ಹಿಸ್ಸೆಗಳಿಗೆ ಮಾತ್ರ ಎಡೆ. ಜಗಳವು ಹುಟ್ಟುತ್ತಿದ್ದುದು ಉಳಿದ ೪೪೬ ಬೈಟುಗಳ ವಿಷಯದಲ್ಲಿ. ಒಂದೇ ಡಿಸ್ಕಿನಲ್ಲಿ ಎರಡು ವ್ಯವಸ್ಥೆಗಳನ್ನಿಟ್ಟರೂ ಎಬ್ಬಿಸುವವನ ಪೀಠ ಒಂದೇ ಆಗಿತ್ತು. ವಿಂಡೋಸನ್ನು ಅನುಸ್ಥಾಪಿಸಿದಾಗ ಅದು ಯಾರನ್ನೂ ಕೇಳದೆ ಆ ಪೀಠದಲ್ಲಿ ತನ್ನದನ್ನೇ ಕೂರಿಸುತ್ತಿತ್ತು. ಆಗ ಲಿನಕ್ಸ್ ಡಿಸ್ಕಿನಲ್ಲಿ ಸುರಕ್ಷಿತವಾಗಿದ್ದರೂ ಅದನ್ನು ಕರೆಯುವವರಿಲ್ಲದೆ ಮೂಲೆಗುಂಪಾಗುತ್ತಿತ್ತು.

ಯುಇಎಫ್‌ಐ ಬಂದ ಮೇಲೆ ಈ ಇಕ್ಕಟ್ಟು ಬಹುಮಟ್ಟಿಗೆ ನೀಗಿತು. ಇಲ್ಲಿ ಎಬ್ಬಿಸುವ ಕ್ರಮವಿಧಿಗಳಿಗಾಗಿ ಒಂದು ಪ್ರತ್ಯೇಕವಾದ ಚಿಕ್ಕ ಹಿಸ್ಸೆಯೇ ಇರುತ್ತದೆ. ವಿಂಡೋಸ್ ೧೦ ಅದಕ್ಕೆ ಸಾಮಾನ್ಯವಾಗಿ ೧೦೦ ಮೆಗಾಬೈಟುಗಳಷ್ಟು ಸ್ಥಳವನ್ನು ಮೀಸಲಿಡುತ್ತದೆ. ಅದರೊಳಗೆ ವಿಂಡೋಸಿನದು ಒಂದು ಕೋಶ, ಲಿನಕ್ಸಿನದು ಇನ್ನೊಂದು. ಯಾವುದನ್ನು ಮೊದಲು ಕರೆಯಬೇಕೆಂಬ ಸರದಿಯ ಪಟ್ಟಿಯು ಡಿಸ್ಕಿನಲ್ಲಿರದೆ ಮದರ್‌ಬೋರ್ಡಿನ ಸ್ಮೃತಿಯಲ್ಲಿರುತ್ತದೆ. ಡಿಸ್ಕಿನ ಹಿಸ್ಸೆಗಳ ಪಟ್ಟಿಯ ಎರಡನೆಯ ಪ್ರತಿಯನ್ನು ಡಿಸ್ಕಿನ ಕೊನೆಯಲ್ಲಿಯೂ ಬರೆದಿಡುತ್ತಾರೆ. ಮೊದಲನೆಯದು ಹಾಳಾದರೂ ಇದರಿಂದ ತಿಳಿದುಕೊಳ್ಳಬಹುದು.

ಹಾಗಾದರೆ ಒಂದೇ ಡಿಸ್ಕನ್ನು ಹಂಚಿಕೊಂಡರೆ ಸಾಲದೇ, ಎರಡನೆಯ ಡಿಸ್ಕಿನ ವೆಚ್ಚವೇಕೆ? ಹಂಚಿಕೊಳ್ಳುವುದು ಸಾಧ್ಯ, ಅನೇಕರು ಹಾಗೆಯೇ ಮಾಡುತ್ತಾರೆ. ಆದರೆ ಹಾಗೆ ಮಾಡಲು ಮೊದಲು ವಿಂಡೋಸಿನ ಹಿಸ್ಸೆಯನ್ನು ಕುಗ್ಗಿಸಬೇಕು. ಅಂದರೆ ಅಲ್ಲಿರುವ ಕಡತಗಳನ್ನು ಸರಿಸಿ ಎಲ್ಲೆಯ ಕಲ್ಲನ್ನು ಕಿತ್ತು ಬೇರೆಡೆ ನೆಡಬೇಕು. ಈ ಕೆಲಸದ ನಡುವೆ ವಿದ್ಯುತ್ತು ಹೋದರೆ ಗತಿಯೇನು? ಮುಂದೆ ಲಿನಕ್ಸ್ ಬೇಡವಾದರೆ ಮತ್ತೊಮ್ಮೆ ಅದೇ ಎಲ್ಲೆಯನ್ನು ಸರಿಸಬೇಕು. ಆ ಒಂದು ಡಿಸ್ಕು ಕೆಟ್ಟರೆ ಎರಡು ವ್ಯವಸ್ಥೆಗಳೂ ಒಟ್ಟಿಗೆ ಹೋಗುತ್ತವೆ. ಎರಡನೆಯ ಡಿಸ್ಕಿನಲ್ಲಿ ಈ ತೊಡಕುಗಳಿಲ್ಲ. ವಿಂಡೋಸಿನ ಡಿಸ್ಕಿನ ಒಂದು ಅಕ್ಷರವನ್ನೂ ಬದಲಿಸದೆ ಲಿನಕ್ಸನ್ನು ನೆಲೆಗೊಳಿಸಬಹುದು. ಬೇಡವೆನಿಸಿದ ದಿನ ಡಿಸ್ಕನ್ನು ಕಳಚಿ ಎತ್ತಿಡಬಹುದು. ಕಲಿಯುವವರಿಗೆ ಇದಕ್ಕಿಂತ ನಿರ್ಭಯವಾದ ಮಾರ್ಗವಿಲ್ಲ. ೧೨೦ ಅಥವಾ ೨೪೦ ಗಿಗಾಬೈಟುಗಳ ಸಣ್ಣ ಎಸ್‌ಎಸ್‌ಡಿಯೇ ಇದಕ್ಕೆ ಧಾರಾಳವಾಗಿ ಸಾಕು.

ಮೇಜಿನ ಮೇಲಿಡುವ ಗಣಕದಲ್ಲಿ ಡಿಸ್ಕನ್ನು ಜೋಡಿಸುವುದು ಕಷ್ಟವಲ್ಲ. ಸಾಟಾ ಮಾದರಿಯ ಡಿಸ್ಕಿಗೆ ಎರಡು ತಂತಿಗಳು ಬೇಕು: ಮಾಹಿತಿಗಾಗಿ ಏಳು ಸಂಪರ್ಕಗಳ ಕಿರಿದಾದುದೊಂದು, ವಿದ್ಯುತ್ತಿಗಾಗಿ ಹದಿನೈದು ಸಂಪರ್ಕಗಳ ಅಗಲವಾದುದೊಂದು. ಎರಡರ ತುದಿಯೂ ತಲೆಕೆಳಗಾಗಿ ಕೂರದಂತೆ ಮೊಣಕೈಯ ಆಕಾರದಲ್ಲಿ ಬಾಗಿರುತ್ತದೆ. ಬಲವಂತದ ಅಗತ್ಯವೇ ಇಲ್ಲ. ಮಡಿಲಗಣಕಗಳಲ್ಲಿ ಕೆಲವಕ್ಕೆ ಎರಡನೆಯ ಡಿಸ್ಕಿನ ಜಾಗವಿರುತ್ತದೆ. ಇಲ್ಲದಿದ್ದರೆ ಯುಎಸ್‌ಬಿಯ ಮೂಲಕ ಹೊರಗಿನಿಂದ ಜೋಡಿಸುವ ಎಸ್‌ಎಸ್‌ಡಿಯೂ ಆದೀತು. ಪೆಟ್ಟಿಗೆಯನ್ನು ತೆರೆಯುವ ಮೊದಲು ಯಂತ್ರದ ತಂತಿಯನ್ನು ಗೋಡೆಯ ಪ್ಲಗ್ಗಿನಿಂದ ಕಳಚಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಪೆಟ್ಟಿಗೆಯನ್ನು ಮುಚ್ಚುವ ಮೊದಲು ಎರಡು ಡಿಸ್ಕುಗಳ ಮೇಲೂ ಅಂಟಿಸಿರುವ ಚೀಟಿಯಿಂದ ತಯಾರಕರ ಹೆಸರು, ಮಾದರಿಯ ಸಂಖ್ಯೆ, ಗಾತ್ರ ಇವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಈ ಕಾಗದದ ಬೆಲೆ ಮುಂದೆ ತಿಳಿಯುತ್ತದೆ.

ಅನುಸ್ಥಾಪನೆಗೆ ಮೊದಲು ವಿಂಡೋಸಿನಲ್ಲಿ ಮಾಡಬೇಕಾದ ಕೆಲವು ಕೆಲಸಗಳಿವೆ. ಎಲ್ಲಕ್ಕಿಂತ ಮುಖ್ಯವಾದುದು ಕಡತಗಳ ಪ್ರತಿ. ಮದುವೆಯ ಚಿತ್ರಗಳು, ತಂದೆಯ ಜಮೀನಿನ ಕಾಗದಪತ್ರಗಳ ಪ್ರತಿಗಳು, ಅಕ್ಕನ ಪ್ರಬಂಧ, ಹೀಗೆ ಮತ್ತೆ ಸಿಗಲಾರದ ಎಲ್ಲವನ್ನೂ ಮೂರನೆಯ ಸ್ಥಳವೊಂದರಲ್ಲಿ ಪ್ರತಿಮಾಡಿ, ಆ ಪ್ರತಿಯನ್ನು ತೆರೆದು ನೋಡಿ, ಯಂತ್ರದಿಂದ ಕಳಚಿಡಬೇಕು. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ನಂಬುವಂತಿಲ್ಲ.

ಎರಡನೆಯದು ಬಿಟ್‌ಲಾಕರ್. ಇದು ಡಿಸ್ಕಿನ ಮಾಹಿತಿಯನ್ನು ಗೂಢಲಿಪಿಯಲ್ಲಿ ಇಡುವ ಏರ್ಪಾಡು. ಅನೇಕ ಹೊಸ ಯಂತ್ರಗಳಲ್ಲಿ ಕೊಂಡವರಿಗೆ ತಿಳಿಯದಂತೆಯೇ ಇದು ಜಾರಿಯಲ್ಲಿರುತ್ತದೆ. ಯಂತ್ರವು ಎಚ್ಚರಗೊಳ್ಳುವ ಕ್ರಮದಲ್ಲಿ ಏನಾದರೂ ಬದಲಾವಣೆ ಕಂಡರೆ ಅದು ಶಂಕಿಸಿ ೪೮ ಅಂಕಿಗಳ ಚೇತರಿಕೆಯ ಕೀಲಿಯನ್ನು ಕೇಳುತ್ತದೆ. ಆ ಕೀಲಿಯಿಲ್ಲದವನಿಗೆ ತನ್ನದೇ ಕಡತಗಳು ತನಗೆ ಸಿಗವು. ಆದುದರಿಂದ ಕೀಲಿಯನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು. ಮೂರನೆಯದು ವಿಂಡೋಸ್ ೮ರೊಡನೆ ೨೦೧೨ರಲ್ಲಿ ಬಂದ ಫಾಸ್ಟ್ ಸ್ಟಾರ್ಟಪ್. ಇದು ಜಾರಿಯಲ್ಲಿದ್ದಾಗ ಯಂತ್ರವನ್ನು ಆರಿಸಿದರೂ ವಿಂಡೋಸ್ ಪೂರ್ತಿಯಾಗಿ ಮಲಗುವುದಿಲ್ಲ; ತನ್ನ ತಿರುಳಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ಪುಸ್ತಕದ ನಡುವೆ ಬೆರಳಿಟ್ಟು ಕಣ್ಣುಮುಚ್ಚಿದವನಂತೆ ಅದರ ಸ್ಥಿತಿ. ಆ ಹೊತ್ತಿನಲ್ಲಿ ಲಿನಕ್ಸ್ ಬಂದು ಅದರ ಹಿಸ್ಸೆಯಲ್ಲಿ ಏನನ್ನಾದರೂ ಬರೆದರೆ ಕಡತಗಳು ಕೆಡಬಹುದು. ಇದನ್ನು ವಿಂಡೋಸಿನ ಪವರ್ ಆಪ್ಷನ್ಸ್ ಎಂಬಲ್ಲಿ ನಿಲ್ಲಿಸಬೇಕು.

ಬಳಿಕ ಆರಿಸಿಕೊಂಡ ವಿತರಣೆಯ ಅಧಿಕೃತ ತಾಣದಿಂದ ಅದರ ಐಎಸ್ಒ ಕಡತವನ್ನು ಇಳಿಸಿಕೊಳ್ಳಬೇಕು. ಅದರ ಜೊತೆಯಲ್ಲಿ ೬೪ ಅಕ್ಷರಗಳ ಒಂದು ಪರೀಕ್ಷಾ ಸಂಖ್ಯೆಯನ್ನು ಕೊಟ್ಟಿರುತ್ತಾರೆ. ಇಳಿಸಿಕೊಂಡ ಕಡತದಿಂದ ಲೆಕ್ಕಹಾಕಿದ ಸಂಖ್ಯೆಯು ಅದಕ್ಕೆ ಸರಿಹೊಂದಿದರೆ ಕಡತವು ದಾರಿಯಲ್ಲಿ ಕೆಟ್ಟಿಲ್ಲವೆಂದು ಅರ್ಥ. ಈ ಕಡತವನ್ನು ರೂಫಸ್ ಮೊದಲಾದ ತಂತ್ರಾಂಶದ ನೆರವಿನಿಂದ ೮ ಗಿಗಾಬೈಟುಗಳ ಪೆನ್ ಡ್ರೈವಿಗೆ ಬರೆಯುತ್ತಾರೆ. ಆ ಪೆನ್ ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಯುತ್ತದೆ. ಅದರಿಂದ ಯಂತ್ರವನ್ನು ಎಬ್ಬಿಸಿದಾಗ ಲಿನಕ್ಸ್ ಯಾವ ಡಿಸ್ಕನ್ನೂ ಮುಟ್ಟದೆ ಪರದೆಯ ಮೇಲೆ ಮೂಡುತ್ತದೆ. ಅನುಸ್ಥಾಪನೆಗೆ ಮೊದಲು ಈ ಸ್ಥಿತಿಯಲ್ಲಿಯೇ ಸ್ವಲ್ಪ ಹೊತ್ತು ಬಳಸಿ, ಧ್ವನಿ ಬರುವುದೇ, ವೈಫೈ ಸಿಗುವುದೇ, ಪರದೆಯ ಅಳತೆ ಸರಿಯಾಗಿದೆಯೇ ಎಂದು ನೋಡುವುದು ಒಳ್ಳೆಯದು. ಹೆಣ್ಣು ನೋಡುವ ಶಾಸ್ತ್ರವಿಲ್ಲದೆ ಮದುವೆಯ ದಿನ ಗೊತ್ತುಮಾಡುವವರಾರು?

ಈಗ ಎಲ್ಲಕ್ಕಿಂತ ಸೂಕ್ಷ್ಮವಾದ ಘಟ್ಟ. ಲಿನಕ್ಸನ್ನು ಎಲ್ಲಿ ನೆಲೆಗೊಳಿಸಬೇಕೆಂದು ಅನುಸ್ಥಾಪಕವು ಕೇಳುತ್ತದೆ. ಇಡೀ ಡಿಸ್ಕನ್ನು ಅಳಿಸಿ ಅನುಸ್ಥಾಪಿಸು ಎಂಬ ಒಂದು ಆಯ್ಕೆಯಿರುತ್ತದೆ. ಸರಿಯಾದ ಡಿಸ್ಕಿನ ವಿಷಯದಲ್ಲಿ ಇದು ಎಲ್ಲಕ್ಕಿಂತ ಸರಳವಾದ ಆಯ್ಕೆ. ತಪ್ಪಾದ ಡಿಸ್ಕಿನ ವಿಷಯದಲ್ಲಿ ಸರ್ವನಾಶ. ಪರದೆಯ ಮೇಲೆ ಡಿಸ್ಕುಗಳ ಹೆಸರು ಎಸ್‌ಡಿಎ, ಎಸ್‌ಡಿಬಿ ಎಂದಿರುತ್ತದೆ. ಎಸ್‌ಡಿಎ ಎಂದರೆ ಮೊದಲನೆಯದು, ಆದುದರಿಂದ ಅದು ವಿಂಡೋಸಿನದು ಎಂದು ಊಹಿಸುವುದೇ ಅನೇಕರನ್ನು ಹಳ್ಳಕ್ಕೆ ಕೆಡವುವ ತಪ್ಪು. ಯಂತ್ರವು ಎಚ್ಚರಗೊಳ್ಳುವಾಗ ಯಾವ ಡಿಸ್ಕು ಮೊದಲು ಕಣ್ಣಿಗೆ ಬಿತ್ತೋ ಅದಕ್ಕೆ ಆ ಹೆಸರು. ಇಂದು ಎಸ್‌ಡಿಎ ಆಗಿದ್ದುದು ನಾಳೆ ಎಸ್‌ಡಿಬಿ ಆದೀತು. ಪೆನ್ ಡ್ರೈವು ಕೂಡ ಇವೇ ಹೆಸರುಗಳಲ್ಲಿ ಒಂದನ್ನು ಪಡೆಯುತ್ತದೆ. ಹೆಸರನ್ನು ನಂಬದೆ ಮಾದರಿಯ ಸಂಖ್ಯೆಯನ್ನೂ ಗಾತ್ರವನ್ನೂ ಬರೆದಿಟ್ಟ ಕಾಗದದೊಡನೆ ಹೋಲಿಸಿ ನೋಡಬೇಕು.

ಗಾತ್ರದಲ್ಲಿಯೂ ಒಂದು ಒಗಟುಂಟು. ಚೀಟಿಯ ಮೇಲೆ ೫೦೦ ಗಿಗಾಬೈಟು ಎಂದಿರುವ ಡಿಸ್ಕನ್ನು ವಿಂಡೋಸ್ ೪೬೫ ಎಂದು ತೋರಿಸುತ್ತದೆ. ೨೪೦ನ್ನು ೨೨೩ ಎನ್ನುತ್ತದೆ. ಡಿಸ್ಕಿನ ತಯಾರಕರು ಗಿಗಾಬೈಟೆಂದರೆ ನೂರು ಕೋಟಿ ಬೈಟು ಎಂದು ಎಣಿಸುತ್ತಾರೆ. ವಿಂಡೋಸ್ ಒಂದು ಕಿಲೋಬೈಟಿಗೆ ೧೦೨೪ ಬೈಟುಗಳಂತೆ ಮೇಲಕ್ಕೆ ಎಣಿಸುವುದರಿಂದ ಅದರ ಗಿಗಾಬೈಟು ನೂರಏಳು ಕೋಟಿಯನ್ನೂ ಮೀರುತ್ತದೆ. ಸೇರು ದೊಡ್ಡದಾದರೆ ಅಳೆದ ಭತ್ತದ ಲೆಕ್ಕ ಕಡಿಮೆಯಾಗುವಂತೆಯೇ ಇದು. ಲಿನಕ್ಸಿನ ಅನೇಕ ಉಪಕರಣಗಳು ತಯಾರಕರ ಲೆಕ್ಕವನ್ನೇ ಅನುಸರಿಸುತ್ತವೆ. ಇದು ತಿಳಿಯದವನು ವಿಂಡೋಸಿನಲ್ಲಿ ೪೬೫ ಎಂದು ಕಂಡ ತನ್ನ ಡಿಸ್ಕನ್ನು ಅನುಸ್ಥಾಪಕದಲ್ಲಿ ೫೦೦ ಎಂದು ಕಂಡು, ಇದು ಬೇರೆ ಯಾವುದೋ ಖಾಲಿ ಡಿಸ್ಕೆಂದು ಭ್ರಮಿಸಬಹುದು.

ಎಬ್ಬಿಸುವ ಕ್ರಮವಿಧಿಯ ವಿಷಯದಲ್ಲಿಯೂ ಎಚ್ಚರ ಬೇಕು. ಲಿನಕ್ಸಿನಲ್ಲಿ ಇದಕ್ಕೆ ಗ್ರಬ್ ಎಂದು ಹೆಸರು. ಕೆಲವು ಅನುಸ್ಥಾಪಕಗಳು ಲಿನಕ್ಸನ್ನು ಎರಡನೆಯ ಡಿಸ್ಕಿನಲ್ಲಿ ಹಾಕಿದರೂ ಗ್ರಬ್ಬನ್ನು ಮಾತ್ರ ಮೊದಲ ಡಿಸ್ಕಿನಲ್ಲಿರುವ ವಿಂಡೋಸಿನ ಚಿಕ್ಕ ಹಿಸ್ಸೆಯಲ್ಲಿ ಕೂರಿಸಿಬಿಡುತ್ತವೆ. ಆಗ ಮೇಲುನೋಟಕ್ಕೆ ಒಲೆ ಬೇರೆಯಾದರೂ ಬೀಗದ ಕೈ ಮಾತ್ರ ಪಕ್ಕದ ಮನೆಯಲ್ಲಿ ಉಳಿದಂತಾಗುತ್ತದೆ. ಮುಂದೊಂದು ದಿನ ಮೊದಲ ಡಿಸ್ಕನ್ನು ಕಳಚಿದರೆ ಲಿನಕ್ಸ್ ಏಳುವುದಿಲ್ಲ. ಈ ತೊಡಕಿಗೂ ತಪ್ಪು ಡಿಸ್ಕಿನ ಅಪಾಯಕ್ಕೂ ಒಂದೇ ಮದ್ದುಂಟು: ಅನುಸ್ಥಾಪನೆಯ ಹೊತ್ತಿನಲ್ಲಿ ವಿಂಡೋಸಿನ ಡಿಸ್ಕಿನ ತಂತಿಗಳನ್ನು ಕಳಚಿಡುವುದು. ಎನ್‌ವಿಎಂಇ ಮಾದರಿಯದಾದರೆ ಅದನ್ನು ಹಿಡಿದಿರುವ ಒಂದೇ ತಿರುಪನ್ನು ಬಿಚ್ಚಿ ಹೊರತೆಗೆಯಬಹುದು. ಯಂತ್ರದಲ್ಲಿ ಇಲ್ಲದ ಡಿಸ್ಕನ್ನು ಯಾವ ತಂತ್ರಾಂಶವೂ ಅಳಿಸಲಾರದು. ಬಲ್ಲವರು ಇದನ್ನು ಅತಿಯಾದ ಎಚ್ಚರಿಕೆಯೆಂದು ನಗಬಹುದು. ಆದರೆ ಮೊದಲ ಬಾರಿಗೆ ಮಾಡುವವರಿಗೆ ಐದು ನಿಮಿಷದ ಈ ಶ್ರಮಕ್ಕಿಂತ ದೊಡ್ಡ ವಿಮೆಯಿಲ್ಲ.

ಉಳಿದುದು ಸುಲಭ. ಭಾಷೆ, ಕಾಲವಲಯ, ಬಳಕೆದಾರನ ಹೆಸರು, ಗುಪ್ತಪದ ಇವನ್ನು ಕೇಳಿ ಅನುಸ್ಥಾಪಕವು ತನ್ನ ಕೆಲಸವನ್ನು ತಾನೇ ಮುಗಿಸುತ್ತದೆ. ಬಳಿಕ ಯಂತ್ರವನ್ನು ಆರಿಸಿ ಮೊದಲ ಡಿಸ್ಕನ್ನು ಮರಳಿ ಜೋಡಿಸಬೇಕು. ಚಾಲೂ ಮಾಡಿದೊಡನೆ ಎಫ್೧೨ ಅಥವಾ ತಯಾರಕರು ಗೊತ್ತುಮಾಡಿದ ಇನ್ನೊಂದು ಕೀಲಿಯನ್ನು ಒತ್ತಿದರೆ ಯಾವ ಡಿಸ್ಕಿನಿಂದ ಏಳಬೇಕೆಂದು ಯಂತ್ರವೇ ಕೇಳುತ್ತದೆ. ಗ್ರಬ್ಬಿನ ಪಟ್ಟಿಯಲ್ಲಿಯೂ ವಿಂಡೋಸನ್ನು ಸೇರಿಸಬಹುದು. ಆದರೆ ೨೦೨೧ರಲ್ಲಿ ಬಂದ ಗ್ರಬ್ ೨.೦೬ರಿಂದ ಈಚೆಗೆ ಬೇರೆ ವ್ಯವಸ್ಥೆಗಳನ್ನು ಹುಡುಕುವ ಅದರ ಗುಣವನ್ನು ಸಹಜ ಸ್ಥಿತಿಯಲ್ಲಿ ನಿಲ್ಲಿಸಿರುತ್ತಾರೆ. ಪಟ್ಟಿಯಲ್ಲಿ ವಿಂಡೋಸ್ ಕಾಣಲಿಲ್ಲವೆಂದರೆ ಅಳಿದುಹೋಯಿತೆಂದು ಗಾಬರಿಪಡಬೇಕಾಗಿಲ್ಲ. ಆ ಗುಣವನ್ನು ಎಚ್ಚರಿಸಿ ಪಟ್ಟಿಯನ್ನು ಹೊಸದಾಗಿ ಬರೆಯಿಸಿದರಾಯಿತು.

ಕೂಡಿ ಬಾಳುವಾಗ ಕಾಣುವ ಸಣ್ಣಪುಟ್ಟ ವ್ಯತ್ಯಾಸಗಳು ಇನ್ನೂ ಕೆಲವಿವೆ. ವಿಂಡೋಸಿನ ಎನ್‌ಟಿಎಫ್‌ಎಸ್ ಮಾದರಿಯ ಹಿಸ್ಸೆಯನ್ನು ಲಿನಕ್ಸ್ ಓದಬಲ್ಲದು, ಬರೆಯಲೂ ಬಲ್ಲದು. ಲಿನಕ್ಸಿನ ಹಿಸ್ಸೆಯನ್ನು ವಿಂಡೋಸ್ ತಾನಾಗಿ ಓದಲಾರದು. ಅದು ಕಣ್ಣಿಗೆ ಬಿದ್ದಾಗ, ಈ ಡಿಸ್ಕನ್ನು ಬಳಸಲು ಫಾರ್ಮ್ಯಾಟ್ ಮಾಡಬೇಕೆಂದು ವಿಂಡೋಸ್ ಕೆಲವೊಮ್ಮೆ ಸೂಚಿಸುವುದುಂಟು. ಒಪ್ಪಿದರೆ ಲಿನಕ್ಸ್ ಹೋಯಿತೆಂದೇ ತಿಳಿಯಬೇಕು. ಮನೆಯ ಎಲ್ಲರಿಗೂ ಈ ಮಾತನ್ನು ಮೊದಲೇ ಹೇಳಿರುವುದು ಒಳಿತು.

ಕನ್ನಡದ ಬರವಣಿಗೆಗೆ ಲಿನಕ್ಸಿನಲ್ಲಿ ಅಡ್ಡಿಯಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಿಂದ ನಾಡಿಗೆ ಪರಿಚಿತವಾದ ಕೀಲಿಮಣೆಯ ವಿನ್ಯಾಸವೂ ಅಲ್ಲಿ ಲಭ್ಯವಿದೆ. ತೊಡಕು ಬರುವುದು ಹಳೆಯ ಕಡತಗಳಲ್ಲಿ. ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಅಂಟಿಸಿ ಬರೆಯುತ್ತಿದ್ದರು. ಅಂತಹ ಕಡತವನ್ನು ಆ ಅಕ್ಷರವಿನ್ಯಾಸವಿಲ್ಲದ ಲಿನಕ್ಸಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಿಸುತ್ತದೆ. ಇದಕ್ಕೆ ವಿಂಡೋಸನ್ನು ಉಳಿಸಿಕೊಂಡುದೇ ನೆರವಾಗುತ್ತದೆ. ನುಡಿಯಲ್ಲಿರುವ ಪರಿವರ್ತಕದಿಂದ ಅಂತಹ ಕಡತಗಳನ್ನು ಯೂನಿಕೋಡಿಗೆ ಬದಲಿಸಿ ತಂದುಕೊಳ್ಳಬಹುದು.

ಕೊನೆಯದಾಗಿ ಗಡಿಯಾರ. ಯಂತ್ರವು ಆರಿರುವಾಗಲೂ ಮದರ್‌ಬೋರ್ಡಿನ ಸಣ್ಣ ಬ್ಯಾಟರಿಯ ಬಲದಿಂದ ಒಂದು ಗಡಿಯಾರ ನಡೆಯುತ್ತಿರುತ್ತದೆ. ಅದು ತೋರಿಸುವುದು ಸ್ಥಳೀಯ ಕಾಲವೆಂದು ವಿಂಡೋಸ್ ಭಾವಿಸುತ್ತದೆ. ಲಿನಕ್ಸ್ ಅದರಲ್ಲಿ ಜಾಗತಿಕ ಕಾಲವನ್ನು ಬರೆದಿಟ್ಟು, ಭಾರತಕ್ಕಾಗಿ ಐದೂವರೆ ಗಂಟೆ ಕೂಡಿಸಿಕೊಳ್ಳುತ್ತದೆ. ಇದರಿಂದಾಗಿ ಬೆಳಿಗ್ಗೆ ಹತ್ತು ಗಂಟೆಗೆ ಲಿನಕ್ಸನ್ನು ಮುಚ್ಚಿ ವಿಂಡೋಸನ್ನು ತೆರೆದವನಿಗೆ ನಾಲ್ಕೂವರೆ ಗಂಟೆಯ ನಸುಕು ಕಾಣಿಸುತ್ತದೆ. ಯಂತ್ರವು ಕೆಟ್ಟಿತೆಂದೋ ಬ್ಯಾಟರಿ ಸತ್ತಿತೆಂದೋ ತಿಳಿದು ಅಂಗಡಿಗೆ ಒಯ್ದವರೂ ಇರಬಹುದು. ಯಂತ್ರದ ಗಡಿಯಾರವನ್ನು ಸ್ಥಳೀಯ ಕಾಲವೆಂದೇ ಪರಿಗಣಿಸುವಂತೆ ಲಿನಕ್ಸಿಗೆ ಒಂದು ಸಾಲಿನ ಆದೇಶವನ್ನು ಕೊಟ್ಟರೆ, ಅಂದಿನಿಂದ ಎರಡು ವ್ಯವಸ್ಥೆಗಳಲ್ಲಿಯೂ ಒಂದೇ ಹೊತ್ತು ನಡೆಯುತ್ತದೆ.